ಅಕ್ಕ ಹೇಳಿದ್ದು, ತಮ್ಮ ಬರೆದದ್ದು: ಮಕ್ರೀನಾಳನ್ನು ತತ್ವಜ್ಞಾನಿ ಅನ್ನಬಹುದೇ?

ಪಾಶ್ಚಾತ್ಯ ತತ್ವಶಾಸ್ತ್ರದ ಯಾವುದಾದರೂ ಹಳೆಯ ಪಠ್ಯಪುಸ್ತಕ ತೆಗೆದು ನೋಡಿ. ಸಾಕ್ರಟೀಸ್, ಪ್ಲೇಟೋ, ಅರಿಸ್ಟಾಟಲ್ ಬರುತ್ತಾರೆ. ಆಮೇಲೆ ಎಪಿಕ್ಯೂರಸ್, ಸ್ಟೋಯಿಕರು, ಪ್ಲೊಟೈನಸ್. ಅಲ್ಲಿಂದ ನೇರವಾಗಿ ಆಗಸ್ಟೀನ್. ಇಷ್ಟು ಉದ್ದದ ಪಟ್ಟಿಯಲ್ಲಿ ಒಬ್ಬ ಹೆಣ್ಣಿನ ಹೆಸರು ಸಿಗುವುದು ಕಷ್ಟ. ಕಳೆದ ಕೆಲವು ದಶಕಗಳಿಂದ ಯುರೋಪ್, ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಈ ಪಟ್ಟಿಯನ್ನು ತಿದ್ದುವ ಕೆಲಸ ನಡೆಯುತ್ತಿದೆ. ಹಾಗೆ ತಿದ್ದುವಾಗ ಮತ್ತೆ ಮತ್ತೆ ಚರ್ಚೆಗೆ ಬರುವ ಹೆಸರುಗಳಲ್ಲಿ ಒಂದು ಮಕ್ರೀನಾ. ನಾಲ್ಕನೇ ಶತಮಾನದವಳು. ಅಲೆಕ್ಸಾಂಡ್ರಿಯಾದ ತತ್ವಜ್ಞಾನಿ ಹೈಪೇಶಿಯಾಳಿಗಿಂತ ಒಂದು ತಲೆಮಾರು ಹಿರಿಯಳು. ಈಗಿನ ಟರ್ಕಿಯ ಉತ್ತರ ಭಾಗದಲ್ಲಿ ಬದುಕಿದವಳು.

ಆಕೆಯನ್ನು ಪಟ್ಟಿಗೆ ಸೇರಿಸಲು ಒಂದು ತೊಡಕು ಇದೆ. ಆಕೆ ಬರೆದ ಒಂದು ಸಾಲೂ ಉಳಿದಿಲ್ಲ. ಆಕೆಯ ಬಗ್ಗೆ ನಮಗೆ ಗೊತ್ತಿರುವುದು ಹೆಚ್ಚುಕಡಿಮೆ ಎಲ್ಲವೂ ತಮ್ಮ ಗ್ರೆಗರಿ ಬರೆದಿಟ್ಟದ್ದು. ಅವನು ನಿಸ್ಸಾ ಎಂಬ ಊರಿನ ಬಿಷಪ್. ಅಕ್ಕನ ಜೀವನಚರಿತ್ರೆಯನ್ನೂ ಬರೆದ, ‘ಆತ್ಮ ಮತ್ತು ಪುನರುತ್ಥಾನ’ ಎಂಬ ಸಂವಾದವನ್ನೂ ಬರೆದ. ಪುನರುತ್ಥಾನ ಎಂದರೆ ಸತ್ತವರು ಮತ್ತೆ ಎದ್ದು ಬರುತ್ತಾರೆ ಎಂಬ ಕ್ರೈಸ್ತ ನಂಬಿಕೆ. ಆ ಸಂವಾದದಲ್ಲಿ ಸಾವಿನ ಹಾಸಿಗೆಯ ಮೇಲಿರುವ ಮಕ್ರೀನಾ ಗುರು, ಬಿಷಪ್ ಆಗಿರುವ ಗ್ರೆಗರಿ ಶಿಷ್ಯ. ಹಾಗಾದರೆ ಆ ಪುಟಗಳಲ್ಲಿ ಮಾತಾಡುತ್ತಿರುವುದು ಯಾರು? ಅಕ್ಕನೋ, ಅಕ್ಕನ ಬಾಯಿಂದ ತನ್ನ ವಿಚಾರ ಹೇಳಿಸುತ್ತಿರುವ ತಮ್ಮನೋ?

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಕ್ರಟೀಸನನ್ನು ತತ್ವಜ್ಞಾನಿ ಎಂದು ಒಪ್ಪುವಾಗ ನಾವು ಯಾವ ಅಳತೆಗೋಲು ಹಿಡಿಯುತ್ತೇವೋ ಅದನ್ನೇ ಮಕ್ರೀನಾಳಿಗೂ ಹಿಡಿಯಬೇಕು. ಹಿಡಿದರೆ ಆಕೆಯನ್ನು ಹೊರಗಿಡಲು ಕಾರಣವೇ ಸಿಗುವುದಿಲ್ಲ.

ಮಕ್ರೀನಾ ಹುಟ್ಟಿದ್ದು ಸುಮಾರು 327ರಲ್ಲಿ, ತೀರಿಕೊಂಡದ್ದು 379ರಲ್ಲಿ. ಬೈಬಲ್ ಓದಿದವರಿಗೆ ಕಪ್ಪದೋಕ್ಯ, ಪೊಂತ ಎಂಬ ಹೆಸರುಗಳು ಗೊತ್ತಿರುತ್ತವೆ. ಆ ಸೀಮೆಯ ದೊಡ್ಡ ಜಮೀನ್ದಾರಿ ಮನೆತನ ಇದು. ಮೂರು ಪ್ರಾಂತ್ಯಗಳಲ್ಲಿ ಆಸ್ತಿ ಹರಡಿಕೊಂಡಿದ್ದರಿಂದ ಮೂವರು ಅಧಿಕಾರಿಗಳಿಗೆ ಕಂದಾಯ ಕಟ್ಟಬೇಕಿತ್ತಂತೆ. ಆದರೆ ಈ ಮನೆಯವರಿಗೆ ಕಷ್ಟದ ನೆನಪೂ ಇತ್ತು. ನಾಲ್ಕನೇ ಶತಮಾನದ ಆರಂಭದಲ್ಲಿ ರೋಮನ್ ಸಾಮ್ರಾಟರು ಕ್ರೈಸ್ತರನ್ನು ಬೇಟೆಯಾಡುತ್ತಿದ್ದಾಗ ಆಕೆಯ ತಂದೆಯ ಕಡೆಯ ಹಿರಿಯರು ಸುಮಾರು 7 ವರ್ಷ ಪೊಂತದ ಕಾಡುಗಳಲ್ಲಿ ಅಡಗಿದ್ದರು. ಆ ಕಷ್ಟವನ್ನು ಕಂಡ ಅಜ್ಜಿಯ ಹೆಸರೂ ಮಕ್ರೀನಾ. ನಮ್ಮಲ್ಲಿಯ ಹಾಗೆ ಅಲ್ಲೂ ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ ಇಟ್ಟರು. ತಂದೆ ಬೇಸಿಲ್ ಭಾಷಣಕಲೆಯ ಮೇಷ್ಟ್ರು. ತಾಯಿ ಎಮ್ಮೇಲಿಯಾ. 10 ಮಕ್ಕಳಲ್ಲಿ ಮಕ್ರೀನಾಳೇ ಹಿರಿಯಳು.

ತಮ್ಮಂದಿರಲ್ಲಿ ಮೂವರು ಬಿಷಪ್ ಆದರು. ಕೈಸರೇಯದ ಬೇಸಿಲ್, ನಿಸ್ಸಾದ ಗ್ರೆಗರಿ, ಸೆಬಾಸ್ತೆಯ ಪೀಟರ್. ಇವರಲ್ಲಿ ಬೇಸಿಲ್, ಗ್ರೆಗರಿ ಮತ್ತು ಅವರ ಗೆಳೆಯ ನಾಸಿಯಾನ್ಸದ ಇನ್ನೊಬ್ಬ ಗ್ರೆಗರಿ, ಈ ಮೂವರನ್ನು ಚರ್ಚ್ ಇತಿಹಾಸದಲ್ಲಿ ಕಪ್ಪದೋಕ್ಯದ ಪಿತೃಗಳು ಎನ್ನುತ್ತಾರೆ. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವದ ಬಗ್ಗೆ ಕ್ರೈಸ್ತರು ಇವತ್ತಿಗೂ ಬಳಸುವ ಮಾತುಗಳನ್ನು ಹದಗೊಳಿಸಿದವರಲ್ಲಿ ಇವರೇ ಮುಖ್ಯರು. 1990ರ ದಶಕದಲ್ಲಿ ಅಮೆರಿಕದ ಇತಿಹಾಸಕಾರ ಯಾರೊಸ್ಲಾವ್ ಪೆಲಿಕನ್ ಅವರು ಮಕ್ರೀನಾಳನ್ನು ಈ ಸಾಲಿಗೆ ಸೇರಿಸಿ ‘ನಾಲ್ಕನೆಯ ಕಪ್ಪದೋಕ್ಯದವಳು’ ಎಂದು ಕರೆದರು. ಈಗ ಆ ಹೆಸರು ವಿದ್ವಾಂಸರ ನಡುವೆ ಚೆನ್ನಾಗಿ ಬಳಕೆಯಲ್ಲಿದೆ.

ಗಂಡುಮಕ್ಕಳ ಓದಿಗೆ ಈ ಮನೆಯಲ್ಲಿ ಕೊರತೆ ಇರಲಿಲ್ಲ. ಬೇಸಿಲ್ ಅಥೆನ್ಸ್‌ವರೆಗೂ ಹೋಗಿ ಓದಿದ. ಮಕ್ರೀನಾ ಓದಿದ್ದು ಮನೆಯಲ್ಲೇ, ತಾಯಿಯ ಹತ್ತಿರ. ಆಗಿನ ಶಿಕ್ಷಣ ಎಂದರೆ ಹೋಮರ್, ಗ್ರೀಕ್ ನಾಟಕಗಳು. ದುರಂತ ನಾಟಕಗಳ ಹೆಂಗಸರ ಕಥೆ ಎಳೆಯ ಹುಡುಗಿಗೆ ಬೇಡ ಅಂತ ತಾಯಿ ಅದನ್ನೆಲ್ಲ ಬದಿಗಿಟ್ಟಳು. ಬದಲಿಗೆ ಸೊಲೊಮೋನನ ಹೆಸರಿನ ಜ್ಞಾನಗ್ರಂಥ ಮತ್ತು ಬೈಬಲಿನ ಕೀರ್ತನೆಗಳನ್ನು ಕಲಿಸಿದಳು. ಏಳುವಾಗ, ಕೆಲಸಕ್ಕೆ ಕೂರುವಾಗ, ಊಟಕ್ಕೆ, ಮಲಗುವ ಮುಂಚೆ, ಹೀಗೆ ಹೊತ್ತು ಹೊತ್ತಿಗೆ ಒಂದು ಕೀರ್ತನೆ.

ಹುಡುಗಿಗೆ 12 ವರ್ಷವಾದಾಗ ತಂದೆ ಒಬ್ಬ ಒಳ್ಳೆಯ ಮನೆತನದ ಯುವ ವಕೀಲನ ಜೊತೆ ಮದುವೆ ಗೊತ್ತು ಮಾಡಿದ. ಮದುವೆಗೆ ಮೊದಲೇ ಆ ಹುಡುಗ ತೀರಿಕೊಂಡ. ಮನೆಯವರು ಬೇರೆ ಸಂಬಂಧ ನೋಡಲು ಹೊರಟರು. ಆಗ ಮಕ್ರೀನಾ ಒಂದು ವಾದ ಹೂಡಿದಳು. ಹುಟ್ಟು ಒಂದೇ, ಸಾವು ಒಂದೇ, ಹಾಗೆಯೇ ಮದುವೆಯೂ ಒಂದೇ. ತಂದೆ ಮಾತು ಕೊಟ್ಟಾಗಲೇ ಮದುವೆ ಆಯಿತು. ಪುನರುತ್ಥಾನದಲ್ಲಿ ನಂಬಿಕೆ ಇದ್ದ ಮೇಲೆ ಅವನು ಸತ್ತಿಲ್ಲ, ದೂರ ಪ್ರಯಾಣ ಹೋಗಿದ್ದಾನೆ ಅಷ್ಟೇ. ಊರಲ್ಲಿಲ್ಲದ ಗಂಡನಿಗೆ ದ್ರೋಹ ಮಾಡಲು ಆಗುತ್ತದೆಯೇ?

ಇದರಲ್ಲಿ ಆ ಹುಡುಗನ ಮೇಲಿನ ನಿಷ್ಠೆ ಎಷ್ಟು, ಮದುವೆಯನ್ನೇ ತಪ್ಪಿಸಿಕೊಳ್ಳುವ ಬುದ್ಧಿ ಎಷ್ಟು ಎಂದು ಕೇಳಬಹುದು. ಎರಡೂ ಇದ್ದಿರಬಹುದು ಅನ್ನಿಸುತ್ತದೆ. ಆ ಕಾಲದ ಶ್ರೀಮಂತರ ಮನೆಯ ಹುಡುಗಿಗೆ ಸುಮ್ನೆ ‘ನನಗೆ ಮದುವೆ ಬೇಡ’ ಎಂದು ಹೇಳುವ ದಾರಿ ಇರಲಿಲ್ಲ. ತಂದೆ ತಾಯಿ ನಂಬುವ ಮಾತುಗಳಿಂದಲೇ ಅವರು ಅಲ್ಲಗಳೆಯಲಾಗದ ವಾದ ಕಟ್ಟಬೇಕಿತ್ತು. ಆಕೆ ಕಟ್ಟಿದಳು, ಗೆದ್ದಳು. ಹುಟ್ಟಿದಾಗಿನಿಂದ ಆಕೆಗೆ ಇನ್ನೊಂದು ಗುಟ್ಟಿನ ಹೆಸರೂ ಇತ್ತು, ಥೆಕ್ಲಾ. ಯೇಸುವಿನ ಸಂದೇಶ ಸಾರಿದ ಪೌಲನ ಉಪದೇಶ ಕೇಳಿ ಗೊತ್ತಾದ ಮದುವೆಯನ್ನು ಬಿಟ್ಟು ನಡೆದವಳು ಎಂದು ಕ್ರೈಸ್ತ ಕಥೆಗಳಲ್ಲಿ ಪ್ರಸಿದ್ಧಳಾದ ಥೆಕ್ಲಾಳ ಹೆಸರು ಅದು. ಹೆರಿಗೆಯ ಹೊತ್ತಿನಲ್ಲಿ ತಾಯಿಗೆ ಬಿದ್ದ ಕನಸಿನಲ್ಲಿ ಒಬ್ಬರು ಮಗುವನ್ನು ಆ ಹೆಸರಿನಿಂದ ಮೂರು ಸಲ ಕರೆದರಂತೆ.

ಆಮೇಲಿನ ಬದುಕೆಲ್ಲ ತಾಯಿಯ ಜೊತೆ. ತಂದೆ ತೀರಿಕೊಂಡ ಮೇಲೆ ಆಸ್ತಿ, ಕಂದಾಯ, ಚಿಕ್ಕ ಮಕ್ಕಳು, ಎಲ್ಲದರಲ್ಲೂ ತಾಯಿಗೆ ಹೆಗಲು ಕೊಟ್ಟವಳು ಮಕ್ರೀನಾ. ಕಡೆಯ ತಮ್ಮ ಪೀಟರನಿಗೆ ಆಕೆಯೇ ತಂದೆ, ಮೇಷ್ಟ್ರು, ತಾಯಿ, ಸಲಹೆಗಾರ್ತಿ ಎಲ್ಲ ಆಗಿದ್ದಳು ಎಂದು ಗ್ರೆಗರಿ ಬರೆಯುತ್ತಾನೆ. ಅಥೆನ್ಸ್‌ನಿಂದ ವಾಪಸ್ಸಾದ ಬೇಸಿಲ್ ತನ್ನ ಮಾತುಗಾರಿಕೆಯ ಜಂಬದಲ್ಲಿ ಊರಿನ ದೊಡ್ಡವರನ್ನೇ ಕೀಳಾಗಿ ಕಾಣುತ್ತಿದ್ದ. ಅವನನ್ನು ದಾರಿಗೆ ತಂದು, ಹೆಸರು ಹಣದ ಆಸೆ ಬಿಡಿಸಿ, ಕೈಯಾರೆ ದುಡಿಯುವ ಸರಳ ಬದುಕಿನ ಕಡೆ ಎಳೆದವಳೂ ಅಕ್ಕನೇ ಎಂದು ಗ್ರೆಗರಿ ಹೇಳುತ್ತಾನೆ. ಇನ್ನೊಬ್ಬ ತಮ್ಮ ನೌಕ್ರಾತಿಯಸ್ ಅದಕ್ಕೂ ಮುಂಚೆ ಕಾಡು ಸೇರಿ, ಬೇಟೆಯಾಡಿ, ಬಡ ಮುದುಕರನ್ನು ಸಾಕುತ್ತಿದ್ದ. ಅವನು 27ನೇ ವಯಸ್ಸಿಗೇ ಬೇಟೆಗೆ ಹೋದಲ್ಲಿ ಅವಘಡದಲ್ಲಿ ಸತ್ತ. ಸುದ್ದಿ ಕೇಳಿ ಕುಸಿದ ತಾಯಿಯನ್ನು ಎತ್ತಿ ನಿಲ್ಲಿಸಿದವಳು ಮತ್ತೆ ಮಕ್ರೀನಾ.

ಈ ಮನೆ ಇದ್ದದ್ದು ಅನ್ನಿಸಾ ಎಂಬಲ್ಲಿ, ಐರಿಸ್ ನದಿಯ ದಂಡೆಯ ಮೇಲೆ. ಈಗ ಅದನ್ನು ಯೆಶಿಲಿರ್ಮಾಕ್ ನದಿ ಎನ್ನುತ್ತಾರೆ. ಇಲ್ಲಿ ಮಕ್ರೀನಾ ಮಾಡಿದ ಒಂದು ಕೆಲಸದ ಬಳಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ರೋಮನ್ ಸಾಮ್ರಾಜ್ಯದಲ್ಲಿ ಶ್ರೀಮಂತರ ಮನೆ ನಡೆಯುತ್ತಿದ್ದುದೇ ಗುಲಾಮರ ದುಡಿಮೆಯ ಮೇಲೆ. ಮಕ್ರೀನಾ ಮೊದಲು ತಾನೇ ಕೈಯಾರೆ ತಾಯಿಗೆ ಅಡುಗೆ ಮಾಡಲು ಶುರು ಮಾಡಿದಳು. ರೊಟ್ಟಿ ಸುಡುವುದು ಆ ಮನೆಯಲ್ಲಿ ದಾಸಿಯರ ಕೆಲಸ. ಆಮೇಲೆ ತಾಯಿಯನ್ನೂ ಒಪ್ಪಿಸಿದಳು. ದಾಸಿಯರಾಗಿದ್ದವರು ಇನ್ನು ಮುಂದೆ ಅಕ್ಕತಂಗಿಯರು, ಸಮಾನರು. ಒಂದೇ ಊಟ, ಒಂದೇ ರೀತಿಯ ಹಾಸಿಗೆ, ಒಂದೇ ಬದುಕು. ದರ್ಜೆಯ ವ್ಯತ್ಯಾಸವೇ ಇಲ್ಲದಂತೆ ಮನೆ ನಡೆಯಿತು ಎಂದು ಗ್ರೆಗರಿ ಬರೆದಿದ್ದಾನೆ.

ಆ ಕಾಲದಲ್ಲಿ ತತ್ವಜ್ಞಾನ ಎಂದರೆ ಬರೀ ಪುಸ್ತಕ ಬರೆಯುವ ಕಸುಬು ಆಗಿರಲಿಲ್ಲ. ಸ್ಟೋಯಿಕರಿರಲಿ, ಪ್ಲೇಟೋವಿನ ಶಿಷ್ಯರಿರಲಿ, ಕ್ರೈಸ್ತ ತಪಸ್ವಿಗಳಿರಲಿ, ನಂಬಿದ ಹಾಗೆ ಬದುಕುವ ಶಿಸ್ತಿಗೇ ಆ ಹೆಸರು. ಗುಲಾಮಗಿರಿಯ ಬಗ್ಗೆ ಸ್ಟೋಯಿಕರು ಒಳ್ಳೊಳ್ಳೆಯ ಮಾತು ಹೇಳಿದ್ದರು. ಗುಲಾಮನೂ ಮನುಷ್ಯನೇ ಎಂದು ಬರೆದ ಸೆನೆಕಾನ ಮನೆಯಲ್ಲಿ ಗುಲಾಮರು ಇದ್ದೇ ಇದ್ದರು. ಮಕ್ರೀನಾ ಮಾತನ್ನು ಮನೆಯೊಳಗೆ ಮಾಡಿ ತೋರಿಸಿದಳು. ಹಾಗಂತ ಆಕೆ ಕಾನೂನು ಬದಲಿಸಲಿಲ್ಲ, ಸಾಮ್ರಾಜ್ಯದ ಗುಲಾಮ ಸಂತೆಗಳು ಮುಚ್ಚಲಿಲ್ಲ. ಆದರೆ ಒಂದು ಎಳೆ ಮುಂದುವರಿಯಿತು. ಆಕೆ ತೀರಿಕೊಂಡ ಸ್ವಲ್ಪ ಸಮಯದಲ್ಲೇ ಗ್ರೆಗರಿ ಬೈಬಲಿನ ಪ್ರಸಂಗಿ ಗ್ರಂಥದ ಮೇಲೆ ಉಪದೇಶ ಮಾಡಿದ. ‘ದಾಸ ದಾಸಿಯರನ್ನು ಕೊಂಡುಕೊಂಡೆ’ ಎಂಬ ಸಾಲು ಬಂದಾಗ ಅವನು ಕೆರಳಿ ಕೇಳುತ್ತಾನೆ: ದೇವರ ಪ್ರತಿರೂಪವನ್ನು ಎಷ್ಟು ಕಾಸಿಗೆ ಕೊಂಡೆ? ಯಾರು ಮಾರಬಲ್ಲವರು, ಯಾರು ಕೊಳ್ಳಬಲ್ಲವರು? ಗುಲಾಮಗಿರಿಯನ್ನೇ ತಪ್ಪು ಎಂದು ಇಷ್ಟು ಬಿಚ್ಚಿ ಹೇಳಿದ ಇನ್ನೊಂದು ಬರಹ ಪ್ರಾಚೀನ ಗ್ರೀಕ್ ರೋಮನ್ ಲೋಕದಿಂದ ಸಿಗುವುದು ತೀರಾ ಕಷ್ಟ. ತಮ್ಮನಿಗೆ ಈ ಮಾತು ಎಲ್ಲಿಂದ ಬಂತು ಎಂದು ಹುಡುಕುವವರು ಅಕ್ಕ ನಡೆಸಿದ ಮನೆಯನ್ನು ಬಿಟ್ಟು ಬೇರೆಲ್ಲೋ ನೋಡಿದರೆ ಪಕ್ಕದಲ್ಲೇ ಇರುವುದನ್ನು ಕಾಣದೆ ಹೋದಂತೆ, ಅಲ್ವಾ?

369ರ ಹೊತ್ತಿಗೆ ಆ ಸೀಮೆಗೆ ಭೀಕರ ಬರ ಬಂತು. ಹಸಿದವರು ಅನ್ನಿಸಾದ ಕಡೆ ಬಂದರು. ಪೀಟರ್ ಊಟದ ವ್ಯವಸ್ಥೆ ಮಾಡಿದ. ಕಾಡಿನ ಆ ಜಾಗ ಜನರಿಂದ ಪಟ್ಟಣದ ಹಾಗೆ ಕಾಣುತ್ತಿತ್ತಂತೆ. ದಾರಿಬದಿಯಲ್ಲಿ ಬಿದ್ದಿದ್ದ ಹೆಣ್ಣುಮಕ್ಕಳನ್ನು ಮಕ್ರೀನಾ ಎತ್ತಿಕೊಂಡು ಬಂದು ಸಾಕಿದಳು. ಹತ್ತು ವರ್ಷದ ನಂತರ ಆಕೆಯ ಶವದ ಸುತ್ತ ಎಲ್ಲರಿಗಿಂತ ಜಾಸ್ತಿ ಅತ್ತವರು ಅದೇ ಹೆಣ್ಣುಮಕ್ಕಳು. ಅಷ್ಟರಲ್ಲಿ ಆ ಮನೆ ಒಂದು ಮಠವೇ ಆಗಿತ್ತು. ಹೆಂಗಸರ ಗುಂಪು ಒಂದು ಕಡೆ, ಪೀಟರನ ಜೊತೆಗಿದ್ದ ಗಂಡಸರ ಗುಂಪು ಇನ್ನೊಂದು ಕಡೆ.

379ರಲ್ಲಿ, ಬೇಸಿಲ್ ತೀರಿಕೊಂಡ ದುಃಖದಲ್ಲಿದ್ದ ಗ್ರೆಗರಿ ಅಂತಿಯೋಕ್ಯದಲ್ಲಿ ನಡೆದ ಬಿಷಪ್‌ಗಳ ಸಭೆ ಮುಗಿಸಿ ಅಕ್ಕನನ್ನು ನೋಡಲು ಬಂದ. ಸುಮಾರು 8 ವರ್ಷ ಭೇಟಿಯಾಗಿರಲಿಲ್ಲ. ಮಕ್ರೀನಾ ನೆಲದ ಮೇಲೆ, ಗೋಣಿ ಹೊದಿಸಿದ ಹಲಗೆಯ ಮೇಲೆ ಮಲಗಿದ್ದಳು. ಮೈ ಸುಡುವ ಜ್ವರ. ಬೇಸಿಲನ ಹೆಸರು ಬಂದ ಕೂಡಲೇ ತಮ್ಮ ಅಳಲು ಶುರು ಮಾಡಿದ. ಆಕೆ ಸ್ವಲ್ಪ ಹೊತ್ತು ಅಳಲು ಬಿಟ್ಟಳು. ಆಮೇಲೆ ಮಾತಿಗೆಳೆದಳು. ಸಂವಾದ ಶುರುವಾಗುವುದು ಹೀಗೆ.

ಪ್ಲೇಟೋವಿನ ‘ಫೀಡೊ’ ಓದಿದವರಿಗೆ ಈ ಚೌಕಟ್ಟು ಗುರುತು ಸಿಗುತ್ತದೆ. ಅಲ್ಲಿ ಸಾಯುವ ಮುನ್ನ ಸಾಕ್ರಟೀಸ್ ಆತ್ಮ ಅಮರ ಎಂದು ಗೆಳೆಯರಿಗೆ ವಾದಿಸಿ ತೋರಿಸುತ್ತಾನೆ. ಗ್ರೆಗರಿ ಬೇಕೆಂದೇ ಅದೇ ಚೌಕಟ್ಟು ಹಿಡಿದಿದ್ದಾನೆ. ಅಲ್ಲಿ ಹೆಂಡತಿ ಕ್ಸಾಂತಿಪ್ಪೆ ಅಳುತ್ತಾಳೆ ಅಂತ ಅವಳನ್ನು ಮೊದಲೇ ಮನೆಗೆ ಕಳಿಸಿಬಿಡುತ್ತಾರೆ. ಇಲ್ಲಿ ಅಳುವವನು ಗಂಡಸು, ಸಮಾಧಾನವಾಗಿ ತರ್ಕ ಮಾಡುವವಳು ಹೆಣ್ಣು.

ಗ್ರೆಗರಿಯ ಪ್ರಶ್ನೆಗಳು ಗಟ್ಟಿಯಾಗಿವೆ. ಆತ್ಮ ದೇಹದ ಧಾತುಗಳಿಂದಲೇ ಆಗಿದ್ದರೆ ದೇಹದ ಜೊತೆ ಕರಗಿ ಹೋಗಬೇಕು. ಆ ಧಾತುಗಳಲ್ಲಿ ಇಲ್ಲದ್ದಾದರೆ ಅದು ಎಲ್ಲೂ ಇಲ್ಲ ಎಂದೇ ಅರ್ಥ. ಮಕ್ರೀನಾ ಇದನ್ನು ಎಪಿಕ್ಯೂರಸನ ದಾರಿ ಎಂದು ಗುರುತಿಸುತ್ತಾಳೆ. ಕಣ್ಣಿಗೆ ಕಂಡದ್ದೇ ಎಲ್ಲ ಎಂದು ನಂಬುವ ದಾರಿ. ಆಕೆಯ ಉತ್ತರ ಶುರುವಾಗುವುದು ಹಾಸಿಗೆಯ ಪಕ್ಕದಲ್ಲಿದ್ದ ವೈದ್ಯನಿಂದ. ಅವನು ನಾಡಿ ಹಿಡಿಯುತ್ತಾನೆ. ಬೆರಳಿಗೆ ತಾಕುವುದು ಬಡಿತ ಮಾತ್ರ. ಆದರೆ ರೋಗ ಎಲ್ಲಿದೆ, ಎಷ್ಟಿದೆ ಎಂದು ಅವನಿಗೆ ತಿಳಿಯುತ್ತದೆ. ಅದು ಬೆರಳಿಗೆ ತಿಳಿದದ್ದಲ್ಲ. ಹಾಗೇ ಸೂರ್ಯ ಕಣ್ಣಿಗೆ ಪುಟ್ಟ ತಟ್ಟೆಯಷ್ಟು. ಲೆಕ್ಕ ಹಾಕಿದವರಿಗೆ ಅವನು ಭೂಮಿಗಿಂತ ಎಷ್ಟೋ ಪಟ್ಟು ದೊಡ್ಡವನು ಎಂದು ಗೊತ್ತು. ಚಂದ್ರ ದಿನದಿನಕ್ಕೆ ಬೆಳೆದು ಕರಗುವ ಹಾಗೆ ಕಾಣುತ್ತಾನೆ. ಅವನಿಗೆ ಸ್ವಂತ ಬೆಳಕಿಲ್ಲ, ಸೂರ್ಯನ ಬೆಳಕು ಬೀಳುವ ಕಡೆ ಮಾತ್ರ ಹೊಳೆಯುತ್ತಾನೆ ಎಂದು ಬುದ್ಧಿ ಹೇಳುತ್ತದೆ. ನೋಡುವುದು ಕಣ್ಣಿನ ಮೂಲಕ, ನೋಡುವವನು ಬೇರೆ.

ಗ್ರೆಗರಿ ಸುಲಭಕ್ಕೆ ಒಪ್ಪುವುದಿಲ್ಲ. ನೀರು ಗಾಳಿಗಳ ಒತ್ತಡದಿಂದ ತಾನಾಗಿ ನಾದ ಹೊರಡಿಸುವ ಯಂತ್ರಗಳಿವೆ, ಅವುಗಳೊಳಗೆ ಆತ್ಮ ಇದೆಯೇ, ದೇಹವೂ ಅಂಥದ್ದೇ ಯಂತ್ರ ಯಾಕಾಗಿರಬಾರದು ಎಂದು ಕೇಳುತ್ತಾನೆ. ಯಂತ್ರಗಳು ಮಾತಾಡುವ ಈ ಕಾಲದಲ್ಲಿ ಈ ಪ್ರಶ್ನೆ ನಮಗೆ ಇನ್ನೂ ಹತ್ತಿರ. ಮಕ್ರೀನಾ ಅದೇ ಉದಾಹರಣೆಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಾಳೆ. ನೀರು ಗಾಳಿಗಳು ತಾವಾಗಿ ಎಂದಾದರೂ ವಾದ್ಯ ಮಾಡಿಕೊಂಡಿವೆಯೇ? ಮೊದಲು ಯಾರದೋ ಮನಸ್ಸಿನಲ್ಲಿ ವಾದ್ಯದ ವಿಚಾರ ಹುಟ್ಟಿತು. ಆ ವಿಚಾರ ಕಣ್ಣಿಗೆ ಕಾಣುವಂಥದ್ದಲ್ಲ. ಯಂತ್ರ ಇದೆ ಎನ್ನುವುದೇ ಕಾಣದ ಮನಸ್ಸು ಇದೆ ಎನ್ನುವುದಕ್ಕೆ ಸಾಕ್ಷಿ. ಈ ವಾದ ಇವತ್ತಿನ ನರವಿಜ್ಞಾನಿಗಳನ್ನು ಒಪ್ಪಿಸುತ್ತದೆ ಎಂದು ನಾನು ಹೇಳುವುದಿಲ್ಲ. ಮನಸ್ಸಿಗೆ ಮಿದುಳು ಬೇಕಲ್ಲ ಎಂದು ಅವರು ಕೇಳುತ್ತಾರೆ. ಆದರೆ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡು, ಎದುರಾಳಿ ಕೊಟ್ಟ ಉದಾಹರಣೆಯಿಂದಲೇ ಉತ್ತರ ಕಟ್ಟುವುದು ತತ್ವಜ್ಞಾನದ ಪಕ್ಕಾ ಕೆಲಸ.

ಸಿಟ್ಟು ಮತ್ತು ಆಸೆಯ ಭಾಗ ನನಗೆ ಎಲ್ಲಕ್ಕಿಂತ ಇಷ್ಟ. ಪ್ಲೇಟೋ ಆತ್ಮವನ್ನು ಎರಡು ಕುದುರೆಗಳ ರಥಕ್ಕೆ ಹೋಲಿಸಿದ್ದ. ಮಕ್ರೀನಾ ಆ ರಥ ನಮಗೆ ಬೇಡ ಎಂದು ಹೆಸರು ಹಿಡಿದೇ ಬದಿಗಿಡುತ್ತಾಳೆ. ಸಿಟ್ಟು, ಆಸೆಗಳು ಆತ್ಮದ ಮೂಲ ಸ್ವರೂಪವಲ್ಲ, ಚರ್ಮದ ಮೇಲೆ ಎದ್ದ ನರುಲಿಯ ಹಾಗೆ ಮೇಲೆ ಬೆಳೆದವು ಎನ್ನುತ್ತಾಳೆ. ಗ್ರೆಗರಿ ತಡೆಯುತ್ತಾನೆ. ಪವಿತ್ರ ಗ್ರಂಥದಲ್ಲೇ ಒಳ್ಳೆಯ ಸಿಟ್ಟು, ಒಳ್ಳೆಯ ಆಸೆಯನ್ನು ಹೊಗಳಿದೆಯಲ್ಲ? ಆಗ ಮಕ್ರೀನಾ ತನ್ನ ಮಾತನ್ನು ಬಿಡಿಸಿ ಹೇಳುತ್ತಾಳೆ. ಈ ಭಾವಗಳು ತಾವಾಗಿ ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ. ವಿವೇಕದ ಹಿಡಿತ ಇದ್ದರೆ ಸಿಟ್ಟು ಧೈರ್ಯವಾಗುತ್ತದೆ, ಭಯ ವಿಧೇಯತೆಯಾಗುತ್ತದೆ, ಆಸೆ ದೇವರ ಕಡೆ ತಿರುಗುತ್ತದೆ. ಹಿಡಿತ ತಪ್ಪಿದರೆ ಅವೇ ಮನುಷ್ಯನನ್ನು ಮೃಗವಾಗಿಸುತ್ತವೆ. ಆಕ್ಷೇಪಣೆ ಬಂದ ಮೇಲೆ ಮಾತು ಹೀಗೆ ಹದವಾಗುತ್ತಾ ಹೋಗುವುದು ಜೀವಂತ ಚರ್ಚೆಯ ಗುರುತು.

ಕನ್ನಡದ ಓದುಗರನ್ನು ತಡೆದು ನಿಲ್ಲಿಸುವ ಭಾಗವೂ ಒಂದಿದೆ. ಪುನರ್ಜನ್ಮದ ವಿಚಾರ. ಮಕ್ರೀನಾ ಇಲ್ಲಿ ವಾದ ಮಾಡುತ್ತಿರುವುದು ಪೈಥಾಗೊರಸ್, ಪ್ಲೇಟೋ ಪರಂಪರೆಯ ಗ್ರೀಕರ ಜೊತೆ, ನಮ್ಮ ಕಡೆಯವರ ಜೊತೆ ಅಲ್ಲ. ಒಂದೇ ಆತ್ಮ ಮನುಷ್ಯ, ಪ್ರಾಣಿ, ಗಿಡ ಎಲ್ಲದರೊಳಗೆ ಸುತ್ತುವುದಾದರೆ ಯಾವುದಕ್ಕೂ ಅದರದೇ ಸ್ವಭಾವ ಉಳಿಯುವುದಿಲ್ಲ, ಗಿಡ ಕಡಿಯಲೂ ಹೆದರಬೇಕಾಗುತ್ತದೆ ಎಂಬುದು ಆಕೆಯ ಆಕ್ಷೇಪ. ಪಾಪದಿಂದ ಜಾರಿ ಆತ್ಮ ದೇಹಕ್ಕೆ ಬಿತ್ತು ಎಂದರೆ ಹುಟ್ಟಿಗೇ ಪಾಪ ಮೂಲವಾಗುತ್ತದೆ ಎನ್ನುವುದು ಇನ್ನೊಂದು. ದೇಹ ಶಿಕ್ಷೆಯ ಜಾಗವಲ್ಲ, ಆತ್ಮ ದೇಹಗಳು ಒಟ್ಟಿಗೇ ಶುರುವಾಗುತ್ತವೆ ಎಂದು ಆಕೆ ಹೇಳುತ್ತಾಳೆ. ಕರ್ಮ ಸಿದ್ಧಾಂತದಲ್ಲಿ ಬೆಳೆದವರು ಈ ವಾದಕ್ಕೆ ಬಲವಾದ ಉತ್ತರ ಕೊಡಬಲ್ಲರು. ಗಿಡ ಕಡಿಯಲು ಹೆದರುವುದರಲ್ಲಿ ತಪ್ಪೇನು ಎಂದು ಜೈನರು ಕೇಳಿಯಾರು. ಅಂಥ ಮಾತುಕತೆಯನ್ನು ಯಾರಾದರೂ ಕನ್ನಡದಲ್ಲಿ ಬರೆದರೆ ಓದಲು ನಾನು ಕಾದಿದ್ದೇನೆ.

ಸಾವಿನ ಆಚೆಗಿನ ಬೆಂಕಿಯ ಬಗ್ಗೆ ಮಕ್ರೀನಾ ಹೇಳುವುದು ಇನ್ನೂ ದೊಡ್ಡ ಮಾತು. ದೇವರು ಸೇಡು ತೀರಿಸಿಕೊಳ್ಳಲು ಯಾರನ್ನೂ ಸುಡುವುದಿಲ್ಲ. ಚಿನ್ನವನ್ನು ಬೆಂಕಿಗೆ ಹಾಕುವುದು ಕಲಬೆರಕೆ ಹೋಗಲಿ ಎಂದು. ಕೆಸರು ಮೆತ್ತಿ ಗಟ್ಟಿಯಾದ ಹಗ್ಗವನ್ನು ಸಣ್ಣ ತೂತಿನಲ್ಲಿ ಎಳೆದರೆ ಕೆಸರು ಉದುರುತ್ತದೆ, ಹಗ್ಗ ಹೊರಗೆ ಬರುತ್ತದೆ. ದೇವರು ಆತ್ಮವನ್ನು ತನ್ನ ಕಡೆ ಎಳೆಯುವಾಗ ಆಗುವ ನೋವು ಅಂಥದ್ದು. ಕೆಡುಕು ಎಷ್ಟು ಮೆತ್ತಿದೆಯೋ ನೋವು ಅಷ್ಟು ಹೊತ್ತು. ಕೆಡುಕಿಗೆ ಸ್ವಂತ ನೆಲೆ ಇಲ್ಲ, ಅದು ಇರುವುದು ನಮ್ಮ ಇಚ್ಛೆಯಲ್ಲಿ ಮಾತ್ರ. ಎಲ್ಲರ ಇಚ್ಛೆಯೂ ದೇವರ ಕಡೆ ತಿರುಗಿದ ದಿನ ಕೆಡುಕಿಗೆ ಇರಲು ಜಾಗವೇ ಇರುವುದಿಲ್ಲ. ದೇವರೇ ಎಲ್ಲದರಲ್ಲೂ ಎಲ್ಲವೂ ಆಗುತ್ತಾನೆ ಎಂಬ ಪೌಲನ ಮಾತನ್ನು ಆಕೆ ಓದುವುದು ಹೀಗೆ. ಪುನರುತ್ಥಾನ ಎಂದರೆ ನಮ್ಮ ಸ್ವಭಾವ ಮೊದಲಿದ್ದ ಸ್ಥಿತಿಗೆ ಮರಳುವುದು. ಹುಟ್ಟು, ಹೆರಿಗೆ, ಮುಪ್ಪು, ರೋಗ, ಸಾವು ಇವೆಲ್ಲ ಆಮೇಲೆ ತೊಟ್ಟ ಚರ್ಮದ ಅಂಗಿ, ಅದು ಕಳಚಿಹೋಗುತ್ತದೆ.

ಕೊನೆಗೆ ಎಲ್ಲರೂ ದೇವರನ್ನು ಸೇರುತ್ತಾರೆ ಎಂಬ ಈ ವಿಚಾರಕ್ಕೆ ಚರ್ಚಿನೊಳಗೆ ಸುಲಭದ ಹಾದಿ ಇರಲಿಲ್ಲ. ಇಂಥದ್ದನ್ನೇ ಹೇಳಿದ್ದ ಹಿಂದಿನ ಪಂಡಿತ ಒರಿಗೆನ್‌ನನ್ನು 553ರ ಕಾನ್‌ಸ್ಟಾಂಟಿನೋಪಲ್ ಸಭೆ ತಪ್ಪುಗಾರರ ಪಟ್ಟಿಗೆ ಸೇರಿಸಿತು. ಗ್ರೆಗರಿಯನ್ನು ಮುಟ್ಟಲಿಲ್ಲ, ಮಕ್ರೀನಾಳನ್ನೂ ಮುಟ್ಟಲಿಲ್ಲ. ಇಬ್ಬರೂ ಸಂತರಾಗಿಯೇ ಉಳಿದರು. ಆಕೆಯ ನೆನಪಿನ ದಿನ ಜುಲೈ 19. ನರಕ ಶಾಶ್ವತವೇ ಎಂದು ಕ್ರೈಸ್ತ ಚಿಂತಕರು ಇವತ್ತಿಗೂ ವಾದ ಮಾಡುವಾಗ ಈ ಪುಟಗಳಿಗೆ ಮರಳಿ ಬರುತ್ತಾರೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. 1998ರಲ್ಲಿ ಇತಿಹಾಸಕಾರ್ತಿ ಎಲಿಜಬೆತ್ ಕ್ಲಾರ್ಕ್ ಅವರು ಒಂದು ಗಟ್ಟಿ ಎಚ್ಚರಿಕೆ ಕೊಟ್ಟರು. ಅವರು ಸ್ತ್ರೀವಾದಿ, ಮಕ್ರೀನಾಳ ಮೇಲೆ ತಾತ್ಸಾರದಿಂದ ಮಾತಾಡಿದವರಲ್ಲ. ಗ್ರೆಗರಿಯ ಬರಹದಲ್ಲಿ ನಮಗೆ ಸಿಗುವುದು ಗ್ರೆಗರಿ ಯೋಚಿಸಲು ಬಳಸಿಕೊಂಡ ಒಂದು ಪಾತ್ರ, ಆ ಪಾತ್ರದ ಹಿಂದಿನ ನಿಜವಾದ ಹೆಂಗಸು ನಮ್ಮ ಕೈಗೆ ಸಿಗುವುದಿಲ್ಲ ಎಂದರು. ಇದನ್ನು ತಳ್ಳಿಹಾಕುವಂತಿಲ್ಲ. ಸಂವಾದದ ಎಷ್ಟೋ ವಿಚಾರ ಗ್ರೆಗರಿಯ ಬೇರೆ ಪುಸ್ತಕಗಳಲ್ಲೂ ಇವೆ. ಪ್ಲೇಟೋವಿನ ಅಚ್ಚಿನಲ್ಲಿ ಎರಕ ಹೊಯ್ದ ಸಂಭಾಷಣೆ ಅಕ್ಷರಶಃ ನಡೆದದ್ದು ಎಂದು ಯಾರೂ ಹೇಳಲಾರರು. ಬೇಸಿಲನ ಮೌನವೂ ಕಾಡುತ್ತದೆ. ಅವನ ನೂರಾರು ಪತ್ರಗಳು ಉಳಿದಿವೆ. ಅಜ್ಜಿ ಮಕ್ರೀನಾಳನ್ನು ಅವನು ನೆನೆಯುತ್ತಾನೆ, ಅಕ್ಕನ ಹೆಸರನ್ನು ಒಮ್ಮೆಯೂ ಎತ್ತುವುದಿಲ್ಲ. ತನಗೆ ತಪಸ್ಸಿನ ದಾರಿ ತೋರಿಸಿದವರ ಬಗ್ಗೆ ಬರೆಯುವಾಗ ಸೆಬಾಸ್ತೆಯ ಯುಸ್ತಾಥಿಯಸ್ ಎಂಬವನ ಪ್ರಸ್ತಾಪ ಬರುತ್ತದೆ. ಮುಂದೆ ಅವನ ಜೊತೆ ಬೇಸಿಲನಿಗೆ ಜಗಳವಾಯಿತು. ಹಾಗಾಗಿ ಗ್ರೆಗರಿ ಆ ಹೆಸರನ್ನು ಅಳಿಸಿ ಅಕ್ಕನನ್ನು ಅಲ್ಲಿ ಕೂರಿಸಿದ ಎನ್ನುವವರೂ ಇದ್ದಾರೆ.

ಆದರೂ ನಾನು ಇನ್ನೊಂದು ಪಕ್ಷಕ್ಕೆ ವಾಲುತ್ತೇನೆ. ಸಾಕ್ರಟೀಸ್ ಕೂಡ ಏನೂ ಬರೆಯಲಿಲ್ಲ. ಪ್ಲೇಟೋ ತೋರಿಸುವ ಸಾಕ್ರಟೀಸ್ ಒಬ್ಬ, ಕ್ಸೆನೊಫನ್ ತೋರಿಸುವವನು ಇನ್ನೊಬ್ಬ. ಯಾವ ಮಾತು ಗುರುವಿನದು, ಯಾವುದು ಶಿಷ್ಯನದು ಎಂದು ವಿದ್ವಾಂಸರು ಇನ್ನೂ ಕಿತ್ತಾಡುತ್ತಿದ್ದಾರೆ. ಆ ಜಗಳ ಇದೆ ಎಂದು ಯಾರೂ ಅವನನ್ನು ಪಠ್ಯದಿಂದ ತೆಗೆಯಲಿಲ್ಲ. ಮಕ್ರೀನಾ ಅಂದ ಕೂಡಲೇ ಅದೇ ಜಗಳ ಹೊರಗಿಡುವ ಕಾರಣವಾಗುವುದು ನ್ಯಾಯವಲ್ಲ.

ಸಾಕ್ಷಿಯೂ ಅಷ್ಟು ಬಡವಾಗಿಲ್ಲ. ಜೀವನಚರಿತ್ರೆ, ಸಂವಾದ ಅಲ್ಲದೆ ಗ್ರೆಗರಿಯ ಒಂದು ಪತ್ರದಲ್ಲೂ ಅಕ್ಕನ ಮಾತು ಬರುತ್ತದೆ. ತಾಯಿಯ ನಂತರ ನಮಗೆ ತಾಯಿಯಾಗಿದ್ದವಳು, ಬದುಕಿನ ಗುರು ಎಂದು ಅಲ್ಲೂ ಹೇಳುತ್ತಾನೆ. ಕುಟುಂಬದ ಹೊರಗಿನವನಾದ ನಾಸಿಯಾನ್ಸದ ಗ್ರೆಗರಿ ಮಕ್ರೀನಾಳ ಮೇಲೆ ಒಂದು ಸಮಾಧಿ ಪದ್ಯ ಬರೆದಿದ್ದಾನೆ. ಗಂಡಸರ ಕಣ್ಣಿಗೆ ಬೀಳದೆ ಬದುಕಿದವಳು ಈಗ ಎಲ್ಲರ ಬಾಯಲ್ಲಿದ್ದಾಳೆ ಎಂಬುದು ಅದರ ತಿರುಳು. ಇನ್ನು ಜೀವನಚರಿತ್ರೆಯೊಳಗಿನ ಒಂದು ಪ್ರಸಂಗ ನೋಡಿ. ಸಾಮ್ರಾಟ ವಾಲೆನ್ಸ್‌ನ ಕಾಲದಲ್ಲಿ ತಾನು ಪಟ್ಟ ಗಡೀಪಾರಿನ ಪಾಡನ್ನು ಗ್ರೆಗರಿ ಹೇಳಿಕೊಂಡು ಗೋಳಾಡುತ್ತಾನೆ. ಅಕ್ಕ ಗದರುತ್ತಾಳೆ. ಇಷ್ಟೆಲ್ಲ ಸಿಕ್ಕಿದೆ, ಚರ್ಚುಗಳು ನಿನ್ನನ್ನು ಸಹಾಯಕ್ಕೆ ಕರೆಯುತ್ತಿವೆ, ಇದು ನಿನ್ನ ಸ್ವಂತ ಸಾಮರ್ಥ್ಯದಿಂದ ಬಂದದ್ದಲ್ಲ, ಅಪ್ಪ ಅಮ್ಮನ ಪ್ರಾರ್ಥನೆ ನಿನ್ನನ್ನು ಎತ್ತಿದೆ, ಉಪಕಾರ ಮರೆಯುವುದನ್ನು ಬಿಡು ಎಂಬ ಅರ್ಥದ ಮಾತು. ಬರೀ ಗೊಂಬೆಯಾಗಿದ್ದರೆ ತನ್ನನ್ನೇ ಸಣ್ಣವನನ್ನಾಗಿ ಮಾಡುವ ಈ ಬೈಗುಳವನ್ನು ಅದರ ಬಾಯಿಗೆ ಹಾಕುವ ಅಗತ್ಯ ಏನಿತ್ತು? ಅಕ್ಕ ಇರುವ ಮನೆಯಲ್ಲಿ ಬೆಳೆದ ಯಾರಿಗಾದರೂ ಈ ದನಿ ಗುರುತು ಸಿಗುತ್ತದೆ.

ಗ್ರೆಗರಿಯ ಎಲ್ಲ ಹೊಗಳಿಕೆಯನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಜೀವನಚರಿತ್ರೆಯ ಆರಂಭದಲ್ಲೇ, ಸ್ತ್ರೀ ಸ್ವಭಾವವನ್ನು ಮೀರಿ ಬೆಳೆದವಳನ್ನು ಹೆಂಗಸು ಎನ್ನಬಹುದೋ ಇಲ್ಲವೋ ಎಂದು ಅನುಮಾನಿಸುತ್ತಾನೆ. ಅವನು ಅದನ್ನು ಗೌರವ ಎಂದೇ ಬರೆದದ್ದು. ಆದರೆ ಹೆಣ್ಣು ದೊಡ್ಡವಳಾಗಬೇಕಾದರೆ ಹೆಣ್ಣುತನವನ್ನು ದಾಟಬೇಕು ಎಂಬ 4ನೇ ಶತಮಾನದ ಅಳತೆ ಅದರೊಳಗೆ ಕೂತಿದೆ. ಮಕ್ರೀನಾಳನ್ನು ಇವತ್ತು ಓದುವವರು ಆ ಅಳತೆಯನ್ನು ಬಿಟ್ಟು ಓದಬೇಕು. ಆಕೆ ದೊಡ್ಡ ಕೆಲಸ ಮಾಡಿದ್ದು ಅಡುಗೆಮನೆ, ಮಕ್ಕಳ ಪಾಲನೆ, ರೋಗಿಯ ಹಾಸಿಗೆ ಇವುಗಳ ನಡುವೆಯೇ.

ಈ ಬರಹಗಳು ಇವತ್ತಿನ ಇನ್ನೊಂದು ಚರ್ಚೆಗೂ ಬೇಕಾಗಿವೆ. ಮಹಿಳೆಯರನ್ನು ಡೀಕನ್ ಆಗಿ, ಅಂದರೆ ಪಾದ್ರಿಗಿಂತ ಕೆಳಗಿನ ದರ್ಜೆಯ ಚರ್ಚ್ ಸೇವಕರಾಗಿ, ನೇಮಿಸಬಹುದೇ ಎಂದು ಪರಿಶೀಲಿಸಲು ಪೋಪ್ ಫ್ರಾನ್ಸಿಸ್ 2016ರಲ್ಲಿ ಒಂದು ಸಮಿತಿ, 2020ರಲ್ಲಿ ಇನ್ನೊಂದು ಸಮಿತಿ ಮಾಡಿದ್ದರು. 2025ರ ಡಿಸೆಂಬರಿನಲ್ಲಿ ಹೊರಬಂದ ವರದಿ ಸದ್ಯಕ್ಕೆ ಬೇಡ ಎಂದಿತು, ಇದೇ ಕೊನೆಯ ತೀರ್ಪಲ್ಲ ಎಂದೂ ಸೇರಿಸಿತು. ಅತ್ತ ಆರ್ಥೊಡಾಕ್ಸ್ ಪರಂಪರೆಯ ಅಲೆಕ್ಸಾಂಡ್ರಿಯಾ ಪೀಠ 2024ರ ಮೇ ತಿಂಗಳಲ್ಲಿ ಜಿಂಬಾಬ್ವೆಯಲ್ಲಿ ಒಬ್ಬ ಮಹಿಳೆಯನ್ನು ಡೀಕನ್ ಆಗಿ ಅಭಿಷೇಕ ಮಾಡಿತು. ಈ ವಾದಗಳಲ್ಲಿ ಗ್ರೆಗರಿಯ ಪುಸ್ತಕದ ಲಂಪಾದಿಯಾನ್ ಎಂಬ ಹೆಂಗಸಿನ ಹೆಸರು ಬರುತ್ತದೆ. ಮಕ್ರೀನಾಳ ಮಠದ ಕನ್ಯೆಯರ ಮುಂದಾಳು ಆಕೆ, ಡೀಕನ್ ದರ್ಜೆಯವಳು ಎಂದು ಗ್ರೆಗರಿ ಸ್ಪಷ್ಟವಾಗಿ ಬರೆದಿದ್ದಾನೆ. ಅಂತ್ಯಕ್ರಿಯೆಗೆ ಏನು ಹೊದಿಸೋಣ ಎಂದು ಗ್ರೆಗರಿ ಕೇಳಿದ್ದು ಆಕೆಯನ್ನೇ. ಆಕೆ ತೋರಿಸಿದ್ದು ಒಂದು ಹೊದಿಕೆ, ಒಂದು ತಲೆವಸ್ತ್ರ, ಸವೆದ ಚಪ್ಪಲಿ. ಅಷ್ಟೇ ಆಸ್ತಿ.

ಲಂಪಾದಿಯಾನ್ ಮಾಡುತ್ತಿದ್ದ ಸೇವೆ ಇವತ್ತಿನ ಡೀಕನ್ ಹುದ್ದೆಗೆ ಸಮವೇ ಎಂದು ಇತಿಹಾಸಕಾರರು ವಾದಿಸಲಿ, ಅದು ವಾದಿಸಬೇಕಾದ ವಿಷಯವೇ. ಮಕ್ರೀನಾಳಿಗೆ ಗ್ರೆಗರಿ ಯಾವ ಹುದ್ದೆಯನ್ನೂ ಹೇಳುವುದಿಲ್ಲ. ಹಾಗಾಗಿ ಸಮಿತಿಗಳ ಚರ್ಚೆಯಲ್ಲಿ ಆಕೆ ಪಕ್ಕಕ್ಕೆ ಸರಿದುಬಿಡುತ್ತಾಳೆ. ಆದರೆ ಹೆಂಗಸು ಗಂಡಸಿಗೆ ಉಪದೇಶ ಮಾಡಬಾರದು ಎಂಬ, ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಪತ್ರದ ಸಾಲನ್ನು ಚರ್ಚುಗಳು ಶತಮಾನಗಳ ಕಾಲ ಹೆಂಗಸರ ಮುಂದೆ ಹಿಡಿದಿವೆ. ಆ ಸಾಲನ್ನು ಚೆನ್ನಾಗಿ ಬಲ್ಲ ಒಬ್ಬ ಬಿಷಪ್ ಆತ್ಮ, ಸಾವು, ಪುನರುತ್ಥಾನದಂಥ ಧರ್ಮದ ನಡುಮನೆಯ ವಿಷಯಗಳ ಮೇಲೆ ಪುಸ್ತಕ ಬರೆದ. ಅದರ ಉದ್ದಕ್ಕೂ ತಾನು ಪ್ರಶ್ನೆ ಕೇಳುವವನ ಜಾಗದಲ್ಲಿ ಕೂತ. ಉತ್ತರ ಹೇಳುವ ಅಕ್ಕನನ್ನು ಗುರು ಎಂದೇ ಕರೆದ. ಸಂವಾದದ ಒಂದೊಂದು ವಾಕ್ಯವೂ ಅವನದೇ ಎಂದು ಸಾಬೀತಾದರೂ ಆ ಪುಸ್ತಕದಲ್ಲಿ ಯಾರು ಎಲ್ಲಿ ಕೂತಿದ್ದಾರೆ ಎಂಬುದು ಬದಲಾಗುವುದಿಲ್ಲ. ಮುಂದಿನ ಸಮಿತಿ ಕೂತಾಗ ಲಂಪಾದಿಯಾನ್‌ಳ ಒಂದು ಸಾಲಿನ ಜೊತೆ ಈ ಪುಸ್ತಕವನ್ನೂ ಪೂರ್ತಿಯಾಗಿ ಮೇಜಿನ ಮೇಲಿಡಬೇಕು.